ಸೆಕೆಂಡುಗಳ ಲೆಕ್ಕ, ಮರ್ಯಾದೆಯ ಬೆಲೆ

2024ರ ಟೂರ್ ಡಿ ಫ್ರಾನ್ಸ್ ಸೈಕಲ್ ಪಂದ್ಯ: 21 ಹಂತ, 3,498 ಕಿ.ಮೀ., 22 ತಂಡ. ತಂಡಕ್ಕೆ 8 ಮಂದಿಯಂತೆ 176 ಸವಾರರು. ಗೆದ್ದ ಸ್ಲೊವೇನಿಯಾದ ತಾದೆಯ್ ಪೊಗಾಚಾರ್ ತೆಗೆದುಕೊಂಡ ಒಟ್ಟು ಸಮಯ 83 ಗಂಟೆ 38 ನಿಮಿಷ 56 ಸೆಕೆಂಡು. ಎರಡನೇ ಸ್ಥಾನ ಪಡೆದ ಡೆನ್ಮಾರ್ಕ್‌ನ ಯೋನಾಸ್ ವಿಂಗೆಗೋರ್ ಪೊಗಾಚಾರ್‌ಗಿಂತ 6 ನಿಮಿಷ 17 ಸೆಕೆಂಡು ಹಿಂದೆ ಉಳಿದರು. ಈ ಪಂದ್ಯದ ಮಟ್ಟಿಗೆ ಇದು ದೊಡ್ಡ ಅಂತರವೇ. ಆದರೆ ಒಟ್ಟು ಸಮಯದಲ್ಲಿ ಅದರ ಪಾಲು ಶೇ 0.13ಕ್ಕಿಂತಲೂ ಕಡಿಮೆ.

ಇದಕ್ಕಿಂತ ತೆಳುವಾದ ಲೆಕ್ಕವೂ ಇದೆ. 1989ರಲ್ಲಿ 3,285 ಕಿ.ಮೀ. ತುಳಿದ ಮೇಲೆ ಅಮೆರಿಕದ ಗ್ರೆಗ್ ಲೆಮಾಂಡ್ ಮತ್ತು ಫ್ರಾನ್ಸ್‌ನ ಲೊರಾಂ ಫಿನ್ಯೋನ್ ನಡುವೆ ಉಳಿದದ್ದು 8 ಸೆಕೆಂಡು. ಆ ವರ್ಷದ ಸರಾಸರಿ ವೇಗದಲ್ಲಿ ಅದು ಸುಮಾರು 83 ಮೀಟರ್ ದೂರ.

ಸೋಲು-ಗೆಲುವು ಇಷ್ಟು ಸಣ್ಣ ಅಂತರದಲ್ಲಿ ತೀರ್ಮಾನವಾಗುವ ಪಂದ್ಯದಲ್ಲಿ ಎದುರಾಳಿ ಬಿದ್ದರೆ ಉಳಿದವರು ವೇಗ ತಗ್ಗಿಸಿ ಕಾಯುವುದುಂಟು. ಮೊದಲ ಸಲ ನೋಡುವವರಿಗೆ ಇದು ಒಗಟು. ಒಂದೊಂದು ಸೆಕೆಂಡಿಗೂ ಜೀವ ಬಿಡುವವರು ಕೈಗೆ ಬಂದ ನಿಮಿಷವನ್ನು ಏಕೆ ಬಿಟ್ಟುಕೊಡುತ್ತಾರೆ? ಉತ್ತರ ಬೇಕಿದ್ದರೆ ಗಾಳಿಯ ಲೆಕ್ಕದಿಂದ ಶುರು ಮಾಡಬೇಕು.

ಗಾಳಿಯ ಲೆಕ್ಕ

ಸಮತಟ್ಟು ರಸ್ತೆಯಲ್ಲಿ ವೇಗವಾಗಿ ಹೋಗುವ ಸವಾರನ ಮುಖ್ಯ ಶತ್ರು ಗಾಳಿಯ ತಡೆ. ಅದನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ. ಗಂಟೆಗೆ 40 ಕಿ.ಮೀ.ನಿಂದ 45ಕ್ಕೆ ಹೋದರೆ ವೇಗ ಹೆಚ್ಚುವುದು ಶೇ 12.5, ಗಾಳಿಗೆ ತೆರಬೇಕಾದ ಶಕ್ತಿ ಹೆಚ್ಚುವುದು ಶೇ 42. ಒಬ್ಬರ ಬೆನ್ನ ಹಿಂದೆ ಅಂಟಿಕೊಂಡು ಹೋದರೆ ತಡೆ ಸುಮಾರು ಮೂರನೇ ಒಂದರಷ್ಟು ಇಳಿಯುತ್ತದೆ. ಪೆಲೊಟಾನ್ ಎಂದು ಕರೆಯುವ ಮುಖ್ಯ ಗುಂಪಿನ ನಡುವೆ ಸೇರಿಕೊಂಡರೆ ಲಾಭ ಇನ್ನೂ ದೊಡ್ಡದು. ಬೆಲ್ಜಿಯಂನ ಬರ್ಟ್ ಬ್ಲೋಕೆನ್ ಮತ್ತು ಸಂಗಡಿಗರು 121 ಸವಾರರ ಗುಂಪಿನ ಮಾದರಿ ಇಟ್ಟು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಳಗಿನ ಸವಾರನಿಗೆ ತಟ್ಟುವ ತಡೆ ಒಂಟಿ ಸವಾರನಿಗೆ ತಟ್ಟುವುದರ ಶೇ 5ರಿಂದ 10 ಮಾತ್ರ.

ಪಂದ್ಯದ ತಂತ್ರವೆಲ್ಲ ಈ ಒಂದು ಅಂಕಿಯಿಂದ ಹುಟ್ಟಿದ್ದು. ನಾಯಕನನ್ನು ಕೊನೆಯ ಏರಿನವರೆಗೆ ಗಾಳಿಗೆ ಒಡ್ಡದೆ ಕಾಪಾಡುವುದೇ ಉಳಿದ ಏಳು ಮಂದಿಯ ಕೆಲಸ. ಪೆಲೊಟಾನ್‌ನಲ್ಲಿ ಎದುರಾಳಿಗಳೂ ಇರುತ್ತಾರೆ. ಇವತ್ತು ನಾನು ಯಾರ ಬೆನ್ನ ಮರೆಯಲ್ಲಿ ಉಳಿದೆನೋ ಅವರನ್ನೇ ನಾಳೆ ಸೋಲಿಸಬೇಕು, ನಾಡಿದ್ದು ಮತ್ತೆ ಅವರ ಬೆನ್ನ ಹಿಂದೆಯೇ ಸೇರಬೇಕು. 21 ಹಂತ ಹೀಗೆ ಒಬ್ಬರಿಗೊಬ್ಬರು ಬೇಕಾದವರು ಒಂದು ದಿನದ ಲಾಭಕ್ಕೆ ನಂಬಿಕೆ ಕೆಡಿಸಿಕೊಂಡರೆ ಉಳಿದ ದಿನಗಳಲ್ಲಿ ಅದಕ್ಕೆ ಬೆಲೆ ತೆರಬೇಕಾಗುತ್ತದೆ.

ನೀರು ಹೊರುವವರು

ನಾಯಕನಿಗಾಗಿ ದುಡಿಯುವ ಸವಾರನಿಗೆ ಈ ಆಟದಲ್ಲಿ ಡೊಮೆಸ್ಟಿಕ್ ಎನ್ನುತ್ತಾರೆ. ಬಿಸಿಲೇರಿದ ಮಧ್ಯಾಹ್ನ ಅವನ ಕೆಲಸವನ್ನು ಹತ್ತಿರದಿಂದ ನೋಡಬೇಕು. ಗುಂಪಿನಿಂದ ಬೇಕೆಂದೇ ಹಿಂದೆ ಸರಿದು, ಸಾಲಾಗಿ ಬರುವ ಕಾರುಗಳ ನಡುವೆ ತನ್ನ ತಂಡದ ಕಾರಿನ ಕಿಟಕಿಗೆ ಬರುತ್ತಾನೆ. ಒಂದು ಕೈ ಹ್ಯಾಂಡಲ್ ಮೇಲೆ, ಇನ್ನೊಂದು ಕೈಯಿಂದ ಬಾಟಲಿಗಳನ್ನು ತೆಗೆದುಕೊಂಡು ಬೆನ್ನಿನ ಜೇಬಿಗೆ, ಜೇಬು ತುಂಬಿದರೆ ಕತ್ತಿನಿಂದ ಜೆರ್ಸಿಯ ಒಳಕ್ಕೆ ತುರುಕುತ್ತಾನೆ. ಅರ್ಧ ಲೀಟರಿನ ಎಂಟು ಬಾಟಲಿ ಎಂದರೆ ನೀರೇ 4 ಕೆ.ಜಿ. ನಿಯಮದ ಪ್ರಕಾರ ಸೈಕಲ್‌ನ ಕನಿಷ್ಠ ತೂಕ 6.8 ಕೆ.ಜಿ. ಸೈಕಲ್‌ನ ಅರ್ಧಕ್ಕಿಂತ ಹೆಚ್ಚು ಭಾರ ಬೆನ್ನಿಗೇರಿಸಿಕೊಂಡು ಗುಂಪನ್ನು ಹಿಂದಿನಿಂದ ಮುಂದಿನವರೆಗೆ ದಾಟಿ ತಂಡದ ಎಲ್ಲರಿಗೂ ಹಂಚುತ್ತಾನೆ. ಒಂದೇ ದಿನ ಹಲವು ಬಾರಿ. ಅವನ ಹೆಸರು ಫಲಿತಾಂಶದ ಪಟ್ಟಿಯಲ್ಲಿ ನೂರರ ಆಚೆ ಇದ್ದರೂ ನಾಯಕನ ಗೆಲುವಿನಲ್ಲಿ ಆ ನೀರಿನ ಪಾಲಿದೆ.

ಹತ್ತು ಕಿಲೋಮೀಟರಿಗೆ ಒಂದು ನಿಮಿಷ

ದಿನದ ಆರಂಭದಲ್ಲಿ ಕೆಲವರು ಗುಂಪಿನಿಂದ ಚಿಮ್ಮಿ ಮುಂದೆ ಹೋಗುತ್ತಾರೆ. ಇದು ಬ್ರೇಕ್‌ಅವೇ. ಗುಂಪು ಅವರನ್ನು ತಕ್ಷಣ ಹಿಡಿಯುವುದಿಲ್ಲ. ಹಿಡಿದರೆ ಮತ್ತೊಂದಷ್ಟು ಮಂದಿ ಚಿಮ್ಮುತ್ತಾರೆ, ಬೆನ್ನಟ್ಟಿ ಬೆನ್ನಟ್ಟಿ ಡೊಮೆಸ್ಟಿಕ್‌ಗಳ ಕಾಲು ಸೋಲುತ್ತದೆ. ಒಟ್ಟಾರೆ ಪಟ್ಟಿಯಲ್ಲಿ ಬಹಳ ಹಿಂದಿರುವವರು ಮುಂದೆ ಹೋದರೆ ಯಾರಿಗೂ ಆತಂಕವಿಲ್ಲ. ಅವರಿಗೆ ಕೆಲವು ನಿಮಿಷ ಬಿಟ್ಟುಕೊಟ್ಟು ಗುಂಪು ತನ್ನ ಲಯದಲ್ಲಿ ಸಾಗುತ್ತದೆ.

ಯಾವಾಗ ಹಿಡಿಯಬೇಕು ಎಂಬುದಕ್ಕೆ ಫ್ರಾನ್ಸ್‌ನ ಹಳೆಯ ಸವಾರ, ಆಮೇಲೆ ಟೀವಿ ವೀಕ್ಷಕ ವಿವರಣೆಗಾರರಾದ ರೊಬೇರ್ ಶಾಪಾತ್ ಅವರ ಹೆಸರಿನ ಸೂತ್ರವಿದೆ: ಗುರಿಗೆ 10 ಕಿ.ಮೀ. ಇರುವಾಗ 1 ನಿಮಿಷದ ಮುನ್ನಡೆಯಲ್ಲಿರುವ ಸವಾರನನ್ನು ಗುಂಪು ಹಿಡಿಯಬಲ್ಲದು. ಗುಣಿಸಿ ನೋಡೋಣ. ಮುಂದಿನವರು ಗಂಟೆಗೆ 45 ಕಿ.ಮೀ. ವೇಗದಲ್ಲಿದ್ದರೆ ಆ 10 ಕಿ.ಮೀ.ಗೆ 13 ನಿಮಿಷ 20 ಸೆಕೆಂಡು ಬೇಕು. ಗುಂಪು ಅದನ್ನು 12 ನಿಮಿಷ 20 ಸೆಕೆಂಡಿನಲ್ಲಿ ಮುಗಿಸಬೇಕು, ಎಂದರೆ ಗಂಟೆಗೆ ಸುಮಾರು 48.6 ಕಿ.ಮೀ. ಸರದಿಯಂತೆ ಗಾಳಿಗೆ ಎದೆಯೊಡ್ಡುವ ದೊಡ್ಡ ಗುಂಪಿಗೆ ಈ ಮೂರೂವರೆ ಕಿ.ಮೀ. ಹೆಚ್ಚುವರಿ ವೇಗ ಕಷ್ಟವಲ್ಲ. ಬೆಳಿಗ್ಗೆಯಿಂದ ದಣಿದ ಮೂವರೋ ನಾಲ್ವರೋ ಅದಕ್ಕೆ ಉತ್ತರ ಕೊಡಲಾರರು.

ಬೆಟ್ಟದ ಹಂತಗಳಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಕೊನೆಯವರು ಕಾಲಮಿತಿಯೊಳಗೆ ಬರಬೇಕು. ಮಿತಿಯೆಂದರೆ ವಿಜೇತನ ಸಮಯದ ಮೇಲೆ ಹಂತದ ಕಷ್ಟ ಮತ್ತು ವೇಗಕ್ಕೆ ತಕ್ಕ ಶೇಕಡಾವಾರು. ವಿಜೇತನಿಗೆ 5 ಗಂಟೆ ಹಿಡಿದು, ಮಿತಿ ಶೇ 15 ಇದ್ದರೆ ಅವನ ನಂತರ 45 ನಿಮಿಷದೊಳಗೆ ಮುಟ್ಟಬೇಕು. ಆಗ ಬೇರೆ ಬೇರೆ ತಂಡಗಳ ಸ್ಪ್ರಿಂಟರ್‌ಗಳು, ದಣಿದವರು, ಗಾಯಗೊಂಡವರು ಒಟ್ಟಾಗಿ ಒಂದೇ ವೇಗದಲ್ಲಿ ಏರುತ್ತಾರೆ. 2011ರಲ್ಲಿ ಗಾಲಿಬಿಯೇ ಏರಿನ 18ನೇ ಹಂತದಲ್ಲಿ ಹೀಗೆ ಬಂದ 88 ಮಂದಿ ಮಿತಿ ಮೀರಿದರು. ಅಷ್ಟು ಜನರನ್ನು ಮನೆಗೆ ಕಳಿಸಿದರೆ ಪಂದ್ಯವೇ ಉಳಿಯುವುದಿಲ್ಲ. ತೀರ್ಪುಗಾರರು ಅವರನ್ನು ಉಳಿಸಿಕೊಂಡು ತಲಾ 20 ಅಂಕ ಕಳೆದರು. ಹಾಗೆ ಅಂಕ ಕಳೆದುಕೊಂಡವರಲ್ಲಿ ಒಬ್ಬರಾದ ಮಾರ್ಕ್ ಕ್ಯಾವೆಂಡಿಶ್, ಆದರೂ, ಅಂಕಗಳಲ್ಲಿ ಮೊದಲಿಗರಿಗೆ ಸಿಗುವ ಹಸಿರು ಜೆರ್ಸಿಯನ್ನು ಆ ವರ್ಷ ಗೆದ್ದರು.

ದುಡ್ಡು ಯಾರಿಗೆ ಎಷ್ಟು?

2024ರ ಟೂರ್‌ನ ಬಹುಮಾನದ ಒಟ್ಟು ಮೊತ್ತ ಸುಮಾರು 23 ಲಕ್ಷ ಯೂರೋ. ಅದರ ಮುಖ್ಯ ಪಾಲುಗಳು ಹೀಗಿದ್ದವು (ಯೂರೋಗಳಲ್ಲಿ):

- ಒಟ್ಟಾರೆ ವಿಜೇತ: 5,00,000
- ಎರಡನೇ ಸ್ಥಾನ: 2,00,000, ಮೂರನೇ ಸ್ಥಾನ: 1,00,000
- ಒಂದು ಹಂತ ಗೆದ್ದರೆ: 11,000
- ಹಸಿರು ಜೆರ್ಸಿ, ಬೆಟ್ಟದ ಏರಿನ ಅಂಕಗಳ ಚುಕ್ಕಿ ಜೆರ್ಸಿ ಕೊನೆಗೆ ಗೆದ್ದರೆ: ತಲಾ 25,000
- ದಿನದ ಹೋರಾಟಗಾರನಿಗೆ: 2,000
- ಒಟ್ಟಾರೆ ಮುನ್ನಡೆಯ ಗುರುತಾದ ಹಳದಿ ಜೆರ್ಸಿ ಉಳಿಸಿಕೊಂಡ ದಿನಕ್ಕೆ: 500

ಆಗಿನ ದರ ಯೂರೋಗೆ ಸುಮಾರು 90 ರೂಪಾಯಿಯಂತೆ ಮೊದಲ ಬಹುಮಾನ 4.5 ಕೋಟಿ ರೂಪಾಯಿ. ಆದರೆ ಇದು ಒಬ್ಬರ ಜೇಬಿಗೆ ಹೋಗುವ ಹಣವಲ್ಲ. ಬಹುಮಾನವನ್ನು ತಂಡದೊಳಗೆ ಹಂಚಿಕೊಳ್ಳುವುದು ಹಳೆಯ ವಾಡಿಕೆ. ಮೆಕ್ಯಾನಿಕ್‌ಗಳಿಗೆ, ಮಸಾಜ್ ಮಾಡುವವರಿಗೆ ಪಾಲು ಕೊಡುವ ತಂಡಗಳೂ ಇವೆ. ಎಂಟು ಸವಾರರಿಗಷ್ಟೇ ಸಮನಾಗಿ ಹಂಚಿದರೂ ತಲೆಗೆ 62,500 ಯೂರೋ. ನೀರು ಹೊತ್ತವನ ಕೂಲಿ ಇಲ್ಲಿ ಸಲ್ಲುತ್ತದೆ.

ಕಣ್ಣಿಗೆ ಚುಚ್ಚುವ ಒಂದು ಅಂಕಿ ಈ ಪಟ್ಟಿಯ ಹೊರಗಿದೆ. 2022ರಲ್ಲಿ ಈಗಿನ ರೂಪದಲ್ಲಿ ಶುರುವಾದ ಮಹಿಳೆಯರ ಟೂರ್‌ನಲ್ಲಿ ಗೆದ್ದ ನೆದರ್‌ಲೆಂಡ್ಸ್‌ನ ಆನಮೀಕ್ ಫಾನ್ ಫ್ಲೂಟೆನ್ ಅವರಿಗೆ ಸಿಕ್ಕಿದ್ದು 50,000 ಯೂರೋ. ಅವರದ್ದು 8 ಹಂತದ ಪಂದ್ಯ ಎಂಬುದನ್ನು ಒಪ್ಪಿಕೊಂಡೇ ಭಾಗಿಸಿದರೆ, ಹಂತಕ್ಕೆ ಮಹಿಳೆಗೆ 6,250, ಪುರುಷನಿಗೆ ಸುಮಾರು 23,800. ಏರು ಇಬ್ಬರಿಗೂ ಅಷ್ಟೇ ಕಡಿದು. ಈ ಅಂತರಕ್ಕೆ ಸಮರ್ಥನೆ ಇಲ್ಲ.

ದಂಡದ ಪಟ್ಟಿ

ನಿಯಮ ಎಲ್ಲಕ್ಕೂ ಬೆಲೆ ಕಟ್ಟುತ್ತದೆ. 2020ರ 5ನೇ ಹಂತದಲ್ಲಿ ಹಳದಿ ಜೆರ್ಸಿಯಲ್ಲಿದ್ದ ಜೂಲಿಯಾನ್ ಅಲಫಿಲಿಪ್ ಗುರಿಗೆ 17 ಕಿ.ಮೀ. ಇರುವಾಗ ಬಾಟಲಿ ಪಡೆದರು. ಕೊನೆಯ 20 ಕಿ.ಮೀ.ನಲ್ಲಿ ಅದು ನಿಷಿದ್ಧ. ದಂಡ 20 ಸೆಕೆಂಡು. ಆಡಮ್ ಯೇಟ್ಸ್‌ಗಿಂತ 4 ಸೆಕೆಂಡು ಮುಂದಿದ್ದವರು 16 ಸೆಕೆಂಡು ಹಿಂದೆ ಬಿದ್ದು ಹಳದಿ ಜೆರ್ಸಿ ಕಳೆದುಕೊಂಡರು.

ಒಮ್ಮೊಮ್ಮೆ ನಿಯಮವೂ ಮರ್ಯಾದೆಯೂ ಎದುರುಬದುರಾಗುತ್ತವೆ. ಇಟಲಿಯ ಇಂಥದೇ ಪಂದ್ಯವಾದ ಜಿರೋ ಡಿ ಇಟಾಲಿಯಾದಲ್ಲಿ 2015ರಲ್ಲಿ ಆಸ್ಟ್ರೇಲಿಯಾದ ರಿಚಿ ಪೋರ್ಟ್ ಅವರ ಚಕ್ರ ಪಂಕ್ಚರ್ ಆದಾಗ, ಬೇರೆ ತಂಡದಲ್ಲಿದ್ದ ಅದೇ ದೇಶದ ಸೈಮನ್ ಕ್ಲಾರ್ಕ್ ತಮ್ಮ ಚಕ್ರವನ್ನೇ ಬಿಚ್ಚಿ ಕೊಟ್ಟರು. ಬೇರೆ ತಂಡದವರಿಂದ ಇಂಥ ನೆರವು ಪಡೆಯುವಂತಿಲ್ಲ. ಪಂಕ್ಚರ್‌ನಿಂದ ಹೋದದ್ದು 47 ಸೆಕೆಂಡು, ಉಪಕಾರಕ್ಕೆ ಬಿದ್ದ ದಂಡ 2 ನಿಮಿಷ. 2024ರ ಟೂರ್‌ನ 7ನೇ ಹಂತದಲ್ಲಿ, ಒಬ್ಬೊಬ್ಬರಾಗಿ ಗಡಿಯಾರದ ಎದುರು ಓಡಿಸುವ ಟೈಮ್ ಟ್ರಯಲ್‌ನಲ್ಲಿ, ಫ್ರಾನ್ಸ್‌ನ ಜೂಲಿಯನ್ ಬರ್ನಾರ್ ತಮ್ಮ ಊರಿನವರ ನಡುವೆ ಕ್ಷಣ ನಿಂತು ಹೆಂಡತಿಗೆ ಮುತ್ತಿಟ್ಟರು. ದಂಡ 200 ಸ್ವಿಸ್ ಫ್ರಾಂಕ್. ಸವಾರನ ಊರಿಗೆ ಪಂದ್ಯ ಬಂದಾಗ ಅವನನ್ನು ಮುಂದೆ ಬಿಟ್ಟು ಮನೆಯವರನ್ನು ಮಾತಾಡಿಸಲು ಅವಕಾಶ ಕೊಡುವುದು ಗುಂಪಿನ ಹಳೆಯ ಪದ್ಧತಿ. ಅದನ್ನು ಅರಿತವರಿಗೆ ಆ ದಂಡ ಸರಿ ಎನಿಸಲಾರದು.

ಕಾಯುವ ಕಟ್ಟಳೆ

ಎಲ್ಲೂ ಬರೆದಿಡದ ಕಟ್ಟಳೆಗಳು ಹಲವು. ಊಟದ ಚೀಲ ಕೊಡುವ ಜಾಗದಲ್ಲಿ ದಾಳಿ ಮಾಡಬಾರದು. ಹಳದಿ ಜೆರ್ಸಿಯವರು ಮೂತ್ರಕ್ಕೆ ನಿಂತರೆ ಓಡಿಹೋಗಬಾರದು. ಕೊನೆಯ ದಿನ ಹಳದಿ ಜೆರ್ಸಿಗೆ ಸವಾಲೊಡ್ಡಬಾರದು. ಪಂದ್ಯ ಬಿರುಸಾಗಿಲ್ಲದ ಹೊತ್ತಿನಲ್ಲಿ ಮುಖ್ಯ ಎದುರಾಳಿ ಬಿದ್ದರೆ ಕಾಯಬೇಕು.

2012ರ ಟೂರ್‌ನ 14ನೇ ಹಂತದಲ್ಲಿ ಪೆಗೇರ್ ಏರಿನ ನೆತ್ತಿಯಲ್ಲಿ ಯಾರೋ ರಸ್ತೆಗೆ ಮೊಳೆ ಚೆಲ್ಲಿದ್ದರು. ಸುಮಾರು 30 ಮಂದಿಯ ಟೈರ್ ಪಂಕ್ಚರ್ ಆಯಿತು. ಹಿಂದಿನ ವರ್ಷದ ವಿಜೇತ ಕ್ಯಾಡೆಲ್ ಇವಾನ್ಸ್ ಒಬ್ಬರಿಗೇ ಮೂರು ಬಾರಿ. ಹಳದಿ ಜೆರ್ಸಿಯಲ್ಲಿದ್ದ ಬ್ರಾಡ್ಲಿ ವಿಗಿನ್ಸ್ ಗುಂಪಿನ ವೇಗ ತಗ್ಗಿಸಿ ಎಲ್ಲರನ್ನೂ ಕೂಡಿಸಿಕೊಂಡರು. 2025ರಲ್ಲಿ ಟುಲೂಸ್‌ನಲ್ಲಿ ಗುರಿಗೆ ಸುಮಾರು 4 ಕಿ.ಮೀ. ಇರುವಾಗ ಪೊಗಾಚಾರ್ ಬಿದ್ದಾಗಲೂ ಎದುರಾಳಿಗಳು ಕಾದರು.

ಕಾಯದಿದ್ದ ದಿನವೂ ದಾಖಲಾಗಿದೆ. 2010ರ ಜುಲೈ 19, ಪೋರ್ ದ ಬಾಲೆಸ್ ಏರು. ಹಳದಿ ಜೆರ್ಸಿಯ ಆಂಡಿ ಶ್ಲೆಕ್ ಎದುರಾಳಿ ಆಲ್ಬರ್ಟೊ ಕಾಂಟಡೋರ್‌ಗಿಂತ 31 ಸೆಕೆಂಡು ಮುಂದಿದ್ದರು. ಶ್ಲೆಕ್ ದಾಳಿಗಿಳಿದ ಕ್ಷಣದಲ್ಲೇ ಅವರ ಚೈನ್ ಕಳಚಿತು. ಕಾಂಟಡೋರ್ ನಿಲ್ಲದೆ ಹೋದರು. ದಿನದ ಲಾಭ 39 ಸೆಕೆಂಡು. 8 ಸೆಕೆಂಡಿನಿಂದ ಹಳದಿ ಜೆರ್ಸಿ ಅವರದಾಯಿತು. ಟೂರ್ ಮುಗಿದಾಗ ಇಬ್ಬರ ನಡುವಿನ ಒಟ್ಟು ಅಂತರವೂ ಅದೇ 39 ಸೆಕೆಂಡು. ಪಂದ್ಯ ಬಿರುಸಿನಲ್ಲಿತ್ತು, ದಾಳಿ ಶುರು ಮಾಡಿದ್ದೇ ಶ್ಲೆಕ್ ಎಂದು ಕಾಂಟಡೋರ್ ಪರ ವಾದಿಸಲು ಜಾಗವಿದೆ. ಆದರೂ ಅವರು ಅಂದು ರಾತ್ರಿಯೇ ವಿಡಿಯೊ ಮೂಲಕ ಕ್ಷಮೆ ಕೇಳಿದರು. ಉದ್ದೀಪನ ಮದ್ದಿನ ಪ್ರಕರಣದಲ್ಲಿ 2012ರಲ್ಲಿ ಆ ಪ್ರಶಸ್ತಿ ಅವರ ಕೈತಪ್ಪಿ ಶ್ಲೆಕ್‌ಗೆ ಸೇರಿತು.

ಕಾದರೆ ನಷ್ಟವೆಷ್ಟು? 2022ರ ಜುಲೈ 21ರ ಲೆಕ್ಕ ಸ್ಪಷ್ಟವಾಗಿದೆ. ಹಳದಿ ಜೆರ್ಸಿಯ ವಿಂಗೆಗೋರ್ ಪೊಗಾಚಾರ್‌ಗಿಂತ 2 ನಿಮಿಷ 18 ಸೆಕೆಂಡು ಮುಂದಿದ್ದರು. ಸ್ಪಾಂಡೆಲ್ ಇಳಿಜಾರಿನಲ್ಲಿ ಮೊದಲು ವಿಂಗೆಗೋರ್ ಸೈಕಲ್ ತೂರಾಡಿ ಕೂದಲೆಳೆಯಲ್ಲಿ ಬಚಾವಾದರು. ಆಮೇಲೆ ಜಲ್ಲಿಯ ಮೇಲೆ ಜಾರಿ ಪೊಗಾಚಾರ್ ಬಿದ್ದರು. ವಿಂಗೆಗೋರ್ ತಿರುಗಿ ನೋಡಿ, ವೇಗ ತಗ್ಗಿಸಿ ಕಾದರು. ತೊಡೆ ತರಚಿಕೊಂಡು ಬಂದ ಪೊಗಾಚಾರ್ ಕೈ ಚಾಚಿದರು, ಇಬ್ಬರೂ ಕೈ ಕುಲುಕಿದರು.

ಮುಂದಿನದು ಒಟಾಕಾಮ್ ಏರು. ಹಂತದ ಆರಂಭದಲ್ಲೇ ಬ್ರೇಕ್‌ಅವೇಯಲ್ಲಿ ಮುಂದೆ ಹೋಗಿದ್ದ ವಿಂಗೆಗೋರ್ ತಂಡದ ವೌಟ್ ವಾನ್ ಆರ್ಟ್ ಅಲ್ಲಿ ನಾಯಕನಿಗೆ ಸಿಕ್ಕಿ, ಎಳೆದ ಎಳೆತಕ್ಕೆ ಪೊಗಾಚಾರ್ ಹಿಂದೆ ಬಿದ್ದರು. ವಿಂಗೆಗೋರ್ 1 ನಿಮಿಷ 4 ಸೆಕೆಂಡು ಮೊದಲು ಮುಟ್ಟಿದರು. ಮೊದಲಿಗರಿಗೆ 10, ಎರಡನೆಯವರಿಗೆ 6 ಸೆಕೆಂಡಿನ ಬೋನಸ್ಸಿನಿಂದ ಇನ್ನೂ 4 ಸೆಕೆಂಡು ಸೇರಿತು. ಸಂಜೆಗೆ ಮುನ್ನಡೆ 3 ನಿಮಿಷ 26 ಸೆಕೆಂಡು. ಕಾದದ್ದರಿಂದ ಹೋದದ್ದು ಏನೂ ಇಲ್ಲ. ಗಳಿಸಿದ್ದರಲ್ಲಿ ಪ್ರತಿ ಸೆಕೆಂಡೂ ತಂಡದ ತಂತ್ರ ಮತ್ತು ಕಾಲಿನ ಬಲದಿಂದ ಬಂದದ್ದು. ಎದುರಾಳಿಯ ದುರದೃಷ್ಟದಿಂದ ಬಂದದ್ದು ಒಂದೂ ಇಲ್ಲದ್ದರಿಂದಲೇ ಆ ಗೆಲುವನ್ನು ಯಾರೂ ಪ್ರಶ್ನಿಸುವಂತಿಲ್ಲ.