ಶೀತದಲ್ಲಿ ಸೋರುವ ರಕ್ತಕಣಗಳು

ದೇಹದಿಂದ ಹೊರತೆಗೆದ ರಕ್ತವು ಗಾಜಿನ ನಳಿಗೆಯನ್ನು ಸೇರಿದೊಡನೆ ನಿರ್ಜೀವವಾಗುವುದೆಂದು ನಾವು ತಿಳಿಯುವುದುಂಟು. ಅದು ಸರಿಯಲ್ಲ. ಅದರ ಕೆಂಪು ಕಣಗಳ ವ್ಯಾಪಾರವು ನಳಿಗೆಯೊಳಗೂ ಗಂಟೆಗಟ್ಟಲೆ ನಡೆದೇ ಇರುತ್ತದೆ. ಇದನ್ನು ಮರೆತ ವೈದ್ಯನು ಎಂತಹ ಪ್ರಮಾದಕ್ಕೆ ಒಳಗಾಗಬಹುದೆಂಬುದನ್ನು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಒಂದು ಕುಟುಂಬದ ವೃತ್ತಾಂತವು ತೋರಿಸಿಕೊಟ್ಟಿತು. ಅದು ಪ್ರಕಟವಾದದ್ದು 1979ರಲ್ಲಿ. ಆ ಮನೆತನದವರ ರಕ್ತವನ್ನು ಪರೀಕ್ಷಿಸಿದಾಗ ಅದರ ದ್ರವಭಾಗವಾದ ಪ್ಲಾಸ್ಮದಲ್ಲಿ ಪೊಟ್ಯಾಸಿಯಂ ಮಿತಿಮೀರಿದ್ದಂತೆ ಕಂಡಿತು. ಪ್ಲಾಸ್ಮದಲ್ಲಿ ಪೊಟ್ಯಾಸಿಯಂ ಬಹಳ ಏರಿದರೆ ಹೃದಯದ ಬಡಿತ ತಪ್ಪಿ ಪ್ರಾಣಕ್ಕೇ ಕುತ್ತು ಬರುತ್ತದೆ. ಆದರೆ ಇವರ ದೇಹದಲ್ಲಿ ಹರಿಯುತ್ತಿದ್ದ ರಕ್ತದಲ್ಲಿ ಅಂತಹ ಹೆಚ್ಚಳವಿರಲಿಲ್ಲ! ಅದು ಉಂಟಾದದ್ದು ನಳಿಗೆಯಲ್ಲಿ, ಅದೂ ರಕ್ತವು ತಣಿದ ಮೇಲೆ.

ಈ ಒಗಟನ್ನು ಬಿಡಿಸಬೇಕಾದರೆ ಕೆಂಪು ಕಣದ ಮನೆವಾರ್ತೆಯನ್ನು ಕೊಂಚ ತಿಳಿಯಬೇಕು. ಕಣದೊಳಗಿನ ನೀರಿನಲ್ಲಿ ಪೊಟ್ಯಾಸಿಯಂ ಸಾಂದ್ರತೆಯು ಪ್ಲಾಸ್ಮದಲ್ಲಿರುವುದಕ್ಕಿಂತ ಸುಮಾರು 30 ಪಟ್ಟು ಹೆಚ್ಚು. ಸೋಡಿಯಂ ಇದಕ್ಕೆ ವಿರುದ್ಧವಾಗಿ ಹೊರಗೇ ಹೆಚ್ಚು. ಕಣದ ಪೊರೆಯು ಎಷ್ಟೇ ಬಿಗಿಯಾಗಿದ್ದರೂ ಪೊಟ್ಯಾಸಿಯಂ ಹೊರಕ್ಕೂ ಸೋಡಿಯಂ ಒಳಕ್ಕೂ ಸದಾ ಜಿನುಗುತ್ತಿರುತ್ತವೆ. ಹಾಗಾದರೆ ಈ ಅಂತರವು ಉಳಿದಿರುವುದು ಹೇಗೆ? ತಗ್ಗಿನ ಗದ್ದೆಯಲ್ಲಿ ಒಸರುವ ನೀರನ್ನು ಏತ ಹೂಡಿ ಎತ್ತಿ ಹಾಕುವಂತೆ, ಪೊರೆಯಲ್ಲಿರುವ ಒಂದು ಪ್ರೋಟೀನು ಬಿಡುವಿಲ್ಲದೆ 3 ಸೋಡಿಯಂ ಅಯಾನುಗಳನ್ನು ಹೊರದೂಡಿ 2 ಪೊಟ್ಯಾಸಿಯಂ ಅಯಾನುಗಳನ್ನು ಒಳಕ್ಕೆ ಸೇದುತ್ತದೆ. ಏಡಿಯ ನರಗಳಲ್ಲಿ ಇದನ್ನು ಪತ್ತೆ ಹಚ್ಚಿ 1957ರಲ್ಲಿ ಪ್ರಕಟಿಸಿದ ಡೆನ್ಮಾರ್ಕಿನ ಯೆನ್ಸ್ ಸ್ಕೌ ಅವರಿಗೆ ನೊಬೆಲ್ ಪಾರಿತೋಷಕ ದೊರೆತದ್ದು 1997ರಲ್ಲಿ. ನಲವತ್ತು ವರ್ಷ ಕಾಯಬೇಕಾಯಿತು!

ಈ ಏತವು ನಡೆಯುವುದು ದೇಹದ 37 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ. ರಕ್ತವು ತಣಿದಂತೆಲ್ಲ ಅದರ ವೇಗ ಕುಗ್ಗಿ, 4 ಡಿಗ್ರಿಯಲ್ಲಿ ಬಹುಮಟ್ಟಿಗೆ ನಿಂತೇಹೋಗುತ್ತದೆ. ಅದೃಷ್ಟವಶಾತ್, ಸಾಮಾನ್ಯ ಕಣಗಳಲ್ಲಿ ತಣಿದಂತೆ ಒಸರೂ ಕಡಿಮೆಯಾಗುವುದರಿಂದ ಕೆಲವು ಗಂಟೆಗಳ ಕಾಲ ಹೆಚ್ಚಿನ ವ್ಯತ್ಯಾಸವು ಕಾಣುವುದಿಲ್ಲ. ಎಡಿನ್‌ಬರೋ ಕುಟುಂಬದವರಲ್ಲಿ ತಪ್ಪಿದ್ದು ಇದೇ. ಅವರ ಕಣಗಳ ಒಸರು ಚಳಿಗೆ ಸಾಕಷ್ಟು ಇಳಿಯದು. ಬೆಚ್ಚಗಿನ ದೇಹದಲ್ಲಿ ಏತವು ಅದನ್ನು ಸರಿದೂಗಿಸುತ್ತದೆ. ಮೇಜಿನ ಮೇಲಿಟ್ಟ ನಳಿಗೆಯಲ್ಲಿ ಏತ ಸೋತು, ಪೊಟ್ಯಾಸಿಯಂ ಪ್ಲಾಸ್ಮಕ್ಕೆ ಹರಿಯುತ್ತದೆ. ನಿಜ ತಿಳಿಯುವ ಉಪಾಯವು ಸರಳ: ರಕ್ತವನ್ನು ತೆಗೆದೊಡನೆಯೇ ಪ್ಲಾಸ್ಮವನ್ನು ಬೇರ್ಪಡಿಸಿ ಅಳೆಯಬೇಕು, ಇಲ್ಲವೇ ಒಂದು ಪಾಲನ್ನು 37 ಡಿಗ್ರಿಯಲ್ಲಿಟ್ಟು ತಣಿದ ಪಾಲಿನೊಡನೆ ಹೋಲಿಸಬೇಕು. ಹೀಗೆ ಮಾಡದೆ, ಇಲ್ಲದ ಪೊಟ್ಯಾಸಿಯಂ ಹೆಚ್ಚಳವನ್ನು ಇಳಿಸಲು ಔಷಧ ಕೊಟ್ಟರೆ ಆ ಔಷಧವೇ ಅಪಾಯ.

ಎಡಿನ್‌ಬರೋ ಕುಟುಂಬದ್ದು ಸೌಮ್ಯವಾದ ಪ್ರಸಂಗ. ಇದೇ ಜಾತಿಯ ಕೆಲವು ದೋಷಗಳು ಅನುವಂಶಿಕ ರಕ್ತಹೀನತೆಯನ್ನೇ ತರುತ್ತವೆ. ಸೂಕ್ಷ್ಮದರ್ಶಕದಲ್ಲಿ ಕಣದ ನಡುವೆ ಬಾಯಿಯಂತಹ ಸೀಳು ಕಾಣುವ ಒಂದು ರೋಗವನ್ನು 1961ರಲ್ಲಿ ಲಂಡನ್ನಿನ ವೈದ್ಯರು ವರ್ಣಿಸಿದರು. ಗ್ರೀಕಿನಲ್ಲಿ ಬಾಯಿಗೆ ಸ್ಟೋಮ ಎನ್ನುವುದರಿಂದ ಅದಕ್ಕೆ ಸ್ಟೊಮ್ಯಾಟೊಸೈಟೋಸಿಸ್ ಎಂದು ಹೆಸರಾಯಿತು. ಅಲ್ಲಿ ಸೋಡಿಯಂ ವಿಪರೀತವಾಗಿ ಒಳನುಗ್ಗಿ, ಅದರ ಬೆನ್ನಿಗೆ ನೀರೂ ಸೇರಿ, ಕಣವು ಊದಿಕೊಂಡು ತನ್ನ ಸಹಜವಾದ 120 ದಿನಗಳ ಆಯುಷ್ಯಕ್ಕೆ ಮುಂಚೆಯೇ ನಾಶವಾಗುತ್ತದೆ. ಕ್ರಯೋಹೈಡ್ರೊಸೈಟೋಸಿಸ್ ಎಂಬ ಇನ್ನೊಂದು ಬಗೆಯಲ್ಲಂತೂ ಒಸರು ಶೀತದಲ್ಲಿ ಇಳಿಯುವ ಬದಲು ಏರುತ್ತದೆ. ಶೀತಪೆಟ್ಟಿಗೆಯಲ್ಲಿಟ್ಟ ರಕ್ತದ ಕಣಗಳು ತಾವಾಗಿಯೇ ಒಡೆಯುತ್ತವೆ. ಇಂತಹ ಹಲವು ಕುಟುಂಬಗಳಲ್ಲಿ ದೋಷವಿರುವುದು ಬ್ಯಾಂಡ್ 3 ಎಂಬ ಪ್ರೋಟೀನಿನಲ್ಲಿ ಎಂಬುದು 2005ರಲ್ಲಿ ತಿಳಿದುಬಂದಿತು. ಪ್ರತಿ ಕಣದಲ್ಲೂ ಸುಮಾರು 10 ಲಕ್ಷ ಸಂಖ್ಯೆಯಲ್ಲಿರುವ ಇದರ ನಿತ್ಯಕಾರ್ಯವು ಕ್ಲೋರೈಡ್ ಮತ್ತು ಬೈಕಾರ್ಬೊನೇಟುಗಳ ವಿನಿಮಯ. ಅದರ ಸರಪಳಿಯಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೂ ಸಾಕು, ಸೋಡಿಯಂ ಪೊಟ್ಯಾಸಿಯಂಗಳಿಗೆ ಕಳ್ಳದಾರಿಯೊಂದು ತೆರೆಯುತ್ತದೆ.

ರೋಗವನ್ನು ಸರಿಯಾಗಿ ಗುರುತಿಸುವುದು ಕೇವಲ ಕುತೂಹಲದ ಮಾತಲ್ಲ. ಕಣಗಳು ಬೇಗನೆ ನಾಶವಾಗುವ ಕೆಲವು ರಕ್ತಹೀನತೆಗಳಲ್ಲಿ ಗುಲ್ಮವನ್ನು ಕತ್ತರಿಸಿ ತೆಗೆದರೆ ರೋಗಿಗೆ ಗುಣವಾಗುವುದುಂಟು. ಸ್ಟೊಮ್ಯಾಟೊಸೈಟೋಸಿಸ್ ರೋಗಿಗೆ ಅದೇ ಶಸ್ತ್ರಕ್ರಿಯೆಯನ್ನು ಮಾಡಿದರೆ ರಕ್ತನಾಳಗಳಲ್ಲಿ ರಕ್ತವು ಹೆಪ್ಪುಗಟ್ಟಿ ಪ್ರಾಣಾಪಾಯವಾಗಬಹುದು.