ಚೆಂಡಾಟಕ್ಕೆ ಯಾವ ಕಾಲ ಹಿತ?

ಬಾಸ್ಕೆಟ್‌ಬಾಲ್ ಆಟದ ರಾಷ್ಟ್ರೀಯ ಪಂದ್ಯಗಳನ್ನು ವರ್ಷದ ಯಾವ ತಿಂಗಳುಗಳಲ್ಲಿ ನಡೆಸಬೇಕು, ಚಳಿಗಾಲವೇ ಅದಕ್ಕೆ ತಕ್ಕ ಕಾಲವೆ ಎಂಬ ಪ್ರಶ್ನೆ, ದೂರದ ನಗರಗಳ ಸಂಘದ ಕಚೇರಿಗಳಲ್ಲಿ ಪಂಚಾಂಗ ಮುಂದಿಟ್ಟುಕೊಂಡು ಕುಳಿತವರಿಗಷ್ಟೇ ಸೇರಿದ್ದೆಂದು ಮೇಲುನೋಟಕ್ಕೆ ತೋರುತ್ತದೆ. ಸಕಲೇಶಪುರ ತಾಲ್ಲೂಕಿನ ಹೆತ್ತೂರು ಹೋಬಳಿಯಾಚೆ, ಬಿಸಿಲೆಯ ಕಾಡಂಚಿನ ಶಾಲೆಗಳಿಗೂ ಆ ಪ್ರಶ್ನೆಗೂ ಏನು ಸಂಬಂಧವೆಂದು ಕೇಳುಗರು ಕೇಳಬಹುದು. ಸಂಬಂಧ ಉಂಟು; ಅದು ನೇರವಾದ ಸಂಬಂಧವೂ ಹೌದು. ದೈಹಿಕ ಶಿಕ್ಷಣದ ಅಧ್ಯಾಪಕನಾಗಿ ಈ ಬೆಟ್ಟಸೀಮೆಯ ಶಾಲೆಗಳಲ್ಲಿ ಹಲವು ವರ್ಷ ದುಡಿದವನಾಗಿ, ಅದನ್ನು ಬಿಡಿಸಿ ಹೇಳುವುದಷ್ಟೇ ಈ ಮಾತಿನ ಉದ್ದೇಶ.

ಮೊದಲು ಆಟದ ಹುಟ್ಟನ್ನು ನೆನೆಯೋಣ. ಬಾಸ್ಕೆಟ್‌ಬಾಲ್ ಚಳಿಗಾಲಕ್ಕಾಗಿಯೇ ಹುಟ್ಟಿದ ಆಟ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ವೈ.ಎಂ.ಸಿ.ಎ. ಸಂಸ್ಥೆಯ ಶಿಕ್ಷಕರ ಶಾಲೆಯೊಂದಿತ್ತು. ಶರತ್ಕಾಲದಲ್ಲಿ ಫುಟ್‌ಬಾಲ್, ವಸಂತ ಬಂತೆಂದರೆ ಬೇಸ್‌ಬಾಲ್. ನಡುವಣ ಹಿಮದ ತಿಂಗಳುಗಳಲ್ಲಿ ಹುಡುಗರಿಗೆ ವ್ಯಾಯಾಮವೆಂಬ ನೀರಸ ಕವಾಯತು ಬಿಟ್ಟರೆ ಬೇರೇನೂ ಇಲ್ಲ. ಅವರು ಬೇಸತ್ತು ಗಲಾಟೆ ಹಿಡಿದಾಗ, ಜೇಮ್ಸ್ ನೈಸ್ಮಿತ್ ಎಂಬ ಕೆನಡಾ ಮೂಲದ ಅಧ್ಯಾಪಕರು 1891ರ ಡಿಸೆಂಬರಿನಲ್ಲಿ ವ್ಯಾಯಾಮಶಾಲೆಯ ಮೊಗಸಾಲೆಯ ಕಟಾಂಜನಕ್ಕೆ, ನೆಲದಿಂದ ಹತ್ತು ಅಡಿ ಎತ್ತರದಲ್ಲಿ, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹೊಡೆಸಿ ಹದಿಮೂರು ನಿಯಮಗಳನ್ನು ಬರೆದು ಅಂಟಿಸಿದರು. ಬುಟ್ಟಿಗೆ ತಳವಿದ್ದುದರಿಂದ ಗುರಿ ಮುಟ್ಟಿದ ಚೆಂಡನ್ನು ಏಣಿ ಹತ್ತಿ ತೆಗೆಯಬೇಕಾಗುತ್ತಿತ್ತಂತೆ. ಅದೇನೇ ಇರಲಿ, ಗಮನಿಸಬೇಕಾದದ್ದು ಬುಟ್ಟಿಯನ್ನಲ್ಲ, ಸೂರನ್ನು. ಹೊರಗೆ ಆಡಲಾಗದ ಕಾಲಕ್ಕೆ, ಸೂರಿನ ಕೆಳಗೆ, ಮರದ ನೆಲದ ಮೇಲೆ ಆಡಲೆಂದು ಕಟ್ಟಿದ ಆಟ ಇದು.

ಭಾರತಕ್ಕೂ ಈ ಆಟ ವೈ.ಎಂ.ಸಿ.ಎ. ಮೂಲಕವೇ ಬಂತು. 1920ರಲ್ಲಿ ಹ್ಯಾರಿ ಕ್ರೋ ಬಕ್ ಅವರು ಮದರಾಸಿನಲ್ಲಿ ಆರಂಭಿಸಿದ ದೈಹಿಕ ಶಿಕ್ಷಣ ಕಾಲೇಜಿನಲ್ಲಿ ಕಲಿತವರು ದಕ್ಷಿಣದ ಊರೂರುಗಳ ಶಾಲೆಗೆ ಇಂಥ ಆಟಗಳನ್ನು ಹೊತ್ತು ತಂದರು. ಆಟ ಬಂತು, ಸೂರು ಬರಲಿಲ್ಲ. ನಮ್ಮಲ್ಲಿ ಅದು ಬಯಲ ಅಂಕಣದ ಆಟವಾಯಿತು. ಮದರಾಸಿನ ಬಿಸಿಲಿಗೂ ಮೈಸೂರಿನ ತಂಗಾಳಿಗೂ ಅದು ಒಗ್ಗಿತು. ಮಲೆನಾಡಿನ ಮಳೆಗೆ ಮಾತ್ರ ಒಗ್ಗುವಂತಿರಲಿಲ್ಲ. ಏಕೆಂದರೆ ಚೆಂಡನ್ನು ನೆಲಕ್ಕೆ ಪುಟಿಸದೆ ಒಂದು ಹೆಜ್ಜೆ ಮುಂದೆ ಹೋಗಲೂ ಆಗದ ಆಟ ಇದು. ಕೆಸರಿನಲ್ಲಿ ಕಬಡ್ಡಿಯನ್ನು ಹೇಗೋ ಆಡಿಯೇವು, ವಾಲಿಬಾಲನ್ನೂ ಹಾರಿಸಿಯೇವು. ನೀರು ನಿಂತ ನೆಲ ಚೆಂಡನ್ನು ನುಂಗುತ್ತದೆಯೇ ಹೊರತು ಹಿಂದಕ್ಕೆ ಕೊಡುವುದಿಲ್ಲ.

ಇನ್ನು ಲೋಕದ ಕಡೆ ಒಂದು ನೋಟ. ಆಸ್ಟ್ರೇಲಿಯಾದ ರಾಷ್ಟ್ರೀಯ ಬಾಸ್ಕೆಟ್‌ಬಾಲ್ ಲೀಗ್ 1979ರಲ್ಲಿ ಆರಂಭವಾದಾಗ ಅಲ್ಲಿನ ಚಳಿಗಾಲದಲ್ಲಿಯೇ, ಎಂದರೆ ನಮ್ಮ ಮಳೆಗಾಲದ ತಿಂಗಳುಗಳಲ್ಲಿ, ನಡೆಯುತ್ತಿತ್ತು. ಆದರೆ ಆ ದೇಶದ ಚಳಿಗಾಲ ಪೂರ್ತಿಯಾಗಿ ಅಲ್ಲಿನ ಫುಟ್‌ಬಾಲ್ ಮತ್ತು ರಗ್ಬಿ ಆಟಗಳ ಸ್ವತ್ತು. ಪತ್ರಿಕೆಯ ಪುಟವೂ ದೂರದರ್ಶನದ ಪರದೆಯೂ ಅವುಗಳವೇ. ಹಾಗಾಗಿ 1998ರಲ್ಲಿ ಲೀಗನ್ನು ಬೇಸಗೆಗೆ ಸಾಗಿಸಿದರು. 2011ರ ಡಿಸೆಂಬರಿನಲ್ಲಿ ಬಿಗ್ ಬ್ಯಾಷ್ ಎಂಬ ಚುಟುಕು ಕ್ರಿಕೆಟ್ ಪಂದ್ಯಮಾಲೆ ಹುಟ್ಟಿ ಆ ಬೇಸಗೆಯ ಸಂಜೆಗಳಿಗೂ ಪಾಲುದಾರನಾಯಿತು. ಇನ್ನೊಂದು ಕಡೆ ಕತಾರ್ ದೇಶದಲ್ಲಿ ಫುಟ್‌ಬಾಲಿನ ವಿಶ್ವಕಪ್ಪನ್ನು ಬಿಸಿಲ ಬೇಗೆಗೆ ಅಂಜಿ 2022ರ ನವೆಂಬರ್–ಡಿಸೆಂಬರಿಗೆ ಮುಂದೂಡಿದಾಗ, ಯೂರೋಪಿನ ಲೀಗುಗಳೆಲ್ಲ ನಡುಹಾದಿಯಲ್ಲಿ ನಿಂತು ದಾರಿ ಬಿಟ್ಟವು. ನಮ್ಮ ಪ್ರೊ ಕಬಡ್ಡಿ ಲೀಗ್ 2014ರ ಜುಲೈ 26ರಂದು, ನಟ್ಟ ನಡು ಮಳೆಗಾಲದಲ್ಲಿ ಮೊದಲಾಯಿತು. ಬಳಿಕ ಒಮ್ಮೆ ಅಕ್ಟೋಬರಿಗೆ, ಒಮ್ಮೆ ಡಿಸೆಂಬರಿಗೆ ಹೋಗಿ, 2025ರಲ್ಲಿ ಮತ್ತೆ ಆಗಸ್ಟಿನ ಕೊನೆಗೆ ಬಂದು ನಿಂತಿತು. ಚಾಪೆಯ ಮೇಲೆ, ಸೂರಿನ ಕೆಳಗೆ ಆಡುವವರಿಗೆ ಆರಿದ್ರಾ ಮಳೆಯೂ ಒಂದೇ, ಮಾಗಿಯ ಚಳಿಯೂ ಒಂದೇ. ಅವರು ಕಾಲವನ್ನು ಆರಿಸಿಕೊಳ್ಳುವುದು ನೋಡುವವರ ಬಿಡುವನ್ನು ಲೆಕ್ಕ ಹಾಕಿ.

ಇದಕ್ಕೆ ನಮ್ಮ ರಾಜಧಾನಿಯಲ್ಲೇ ಒಳ್ಳೆಯ ನಿದರ್ಶನ ಉಂಟು. 2017ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ಬಾಸ್ಕೆಟ್‌ಬಾಲಿನ ಎರಡನೆಯ ದರ್ಜೆಯ ಪಂದ್ಯಗಳು ನಡೆದವು. ಅಂತಿಮ ಪಂದ್ಯದಲ್ಲಿ ಭಾರತದ ಹೆಣ್ಣುಮಕ್ಕಳು ಕಜಕಸ್ತಾನವನ್ನು 75–73ರಿಂದ, ಎರಡೇ ಅಂಕದ ಅಂತರದಲ್ಲಿ ಸೋಲಿಸಿ ಮೇಲಿನ ದರ್ಜೆಗೆ ಏರಿದರು. ಆ ಎರಡು ಅಂಕದ ನಡುವೆ ಮಳೆ ಬರಲಿಲ್ಲವೆಂಬುದನ್ನು ಯಾರೂ ವರದಿ ಮಾಡಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ.

ಅದೇ ಜುಲೈ ತಿಂಗಳು ಬಿಸಿಲೆಯಲ್ಲಿ ಹೇಗಿರುತ್ತದೆ? ಹೆಸರಿನಲ್ಲೇ ಬಿಸಿಲನ್ನು ಹೊತ್ತ ಈ ಊರು ಆಗ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ಕುಮಾರಪರ್ವತ, ಪುಷ್ಪಗಿರಿಗಳ ಕಡೆಯಿಂದ ಎದ್ದ ಮೋಡ ಕಣಿವೆಯನ್ನು ತುಂಬಿ, ರಸ್ತೆಯ ಆಚೆ ದಡವೇ ಮಾಯವಾಗುತ್ತದೆ. ಹತ್ತಿರದ ಮಂಕನಹಳ್ಳಿಯ ದಿಣ್ಣೆಯ ಮೇಲೆ ಬಿದ್ದ ಹನಿ ಒಂದು ಮಗ್ಗುಲಿಗೆ ಉರುಳಿದರೆ ಕುಮಾರಧಾರೆ ಸೇರಿ ಪಡುವಣ ಕಡಲಿಗೆ, ಇನ್ನೊಂದು ಮಗ್ಗುಲಿಗೆ ಉರುಳಿದರೆ ಹೇಮಾವತಿ, ಕಾವೇರಿಗಳ ದಾರಿ ಹಿಡಿದು ಮೂಡಣ ಕಡಲಿಗೆ. ಎರಡು ಕಡಲಿಗೂ ಹಂಚಿ ಮಿಕ್ಕ ನೀರು ನಮ್ಮ ಶಾಲೆಯ ಮೈದಾನದಲ್ಲಿ ನಿಲ್ಲುತ್ತದೆ ಎಂದು ನಾವು ಅಧ್ಯಾಪಕರು ತಮಾಷೆಗೆ ಹೇಳಿಕೊಳ್ಳುತ್ತಿದ್ದೆವು. ಇಂಬಳಗಳ ಕಾಟ ಬೇರೆ. ಮಕ್ಕಳು ಕೊಡೆ ಹಿಡಿದು, ಕಂಬಳಿ ಕೊಪ್ಪೆ ಹಾಕಿ ಮೈಲಿಗಟ್ಟಲೆ ನಡೆದು ಬರುವಾಗಲೇ ಅರ್ಧ ನೆನೆದಿರುತ್ತಾರೆ. ಹಳ್ಳ ಉಕ್ಕಿದ ದಿನಗಳಲ್ಲಿ ಮಳೆರಜೆ ಕೊಡುತ್ತಾರೆ. ಆ ರಜೆಯ ಪಾಠವನ್ನು ತುಂಬಿಕೊಡುವುದು ಶನಿವಾರದ ಮಧ್ಯಾಹ್ನಗಳಲ್ಲಿ. ಅಂದರೆ ಆಟಕ್ಕೆ ಸಿಗಬಹುದಾಗಿದ್ದ ಮಧ್ಯಾಹ್ನಗಳಲ್ಲಿ.

ಇಷ್ಟೆಲ್ಲದರ ನಡುವೆ ಶಾಲಾ ಕ್ರೀಡಾಕೂಟಗಳು ಬರುವುದು ಜುಲೈ, ಆಗಸ್ಟ್ ತಿಂಗಳುಗಳಲ್ಲಿಯೇ. ಇದು ಯಾರ ಕೇಡಿನಿಂದಲೂ ಆದದ್ದಲ್ಲ, ಲೆಕ್ಕದಿಂದ ಆದದ್ದು. ದೇಶಮಟ್ಟದ ಶಾಲಾ ಪಂದ್ಯಗಳು ಹೆಚ್ಚಾಗಿ ಚಳಿಗಾಲದಲ್ಲಿ ನಡೆಯುತ್ತವೆ. ಅದಕ್ಕೆ ಮುನ್ನ ರಾಜ್ಯಮಟ್ಟ. ಅದಕ್ಕೆ ಮುನ್ನ ವಿಭಾಗ, ನಮಗೆ ಮೈಸೂರು. ಅದಕ್ಕೆ ಮುನ್ನ ಜಿಲ್ಲೆ, ತಾಲ್ಲೂಕು, ಹೋಬಳಿ. ಮೇಲಿನಿಂದ ಒಂದೊಂದೇ ಮೆಟ್ಟಿಲು ಇಳಿಯುತ್ತ ಬಂದರೆ ಕೆಳಗಿನ ಮೆಟ್ಟಿಲು ಸರಿಯಾಗಿ ಪುಷ್ಯ, ಆಶ್ಲೇಷಾ ಮಳೆಗಳ ಕೆಳಗೆ ಬಂದು ನಿಲ್ಲುತ್ತದೆ. ದಿಲ್ಲಿಯ ಹುಡುಗನಿಗೆ ಹಿತವಾದ ಚಳಿಗಾಲದಲ್ಲಿ ಪಂದ್ಯ ಇಟ್ಟದ್ದರಿಂದಲೇ ಹೆತ್ತೂರಿನ ಹುಡುಗ ಮಳೆಯಲ್ಲಿ ಆಡಬೇಕಾಗಿದೆ. ರಾಷ್ಟ್ರೀಯ ಪಂದ್ಯಗಳ ಕಾಲವನ್ನು ಚರ್ಚಿಸುವವರು ಮೇಲಿನ ಮೆಟ್ಟಿಲನ್ನಷ್ಟೇ ನೋಡುತ್ತಾರೆ, ಕೆಳಗಿನದು ನೀರಿನಲ್ಲಿ ಮುಳುಗಿರುವುದು ಅವರಿಗೆ ಕಾಣದು.

ಒಂದು ವಿಚಿತ್ರ ನೋಡಿ. ಇದೇ ಹಾಸನ ಜಿಲ್ಲೆಯ ಅರಸೀಕೆರೆ, ಚನ್ನರಾಯಪಟ್ಟಣಗಳಲ್ಲಿ ಜುಲೈ ತಿಂಗಳು ಆಟಕ್ಕೆ ಹೇಳಿಮಾಡಿಸಿದಂತಿರುತ್ತದೆ. ಮೋಡ ಕವಿದ ಆಕಾಶ, ತಣ್ಣನೆಯ ಗಾಳಿ, ಆಗೊಂದು ಈಗೊಂದು ತುಂತುರು. ಅಲ್ಲಿನ ಮಕ್ಕಳು ಜೂನಿನಿಂದಲೇ ಅಭ್ಯಾಸ ಮಾಡಿ ಬಂದಿರುತ್ತಾರೆ. ನಮ್ಮವರು ತರಗತಿಯ ಜಗಲಿಯಲ್ಲಿ ಚೆಂಡು ಹಿಡಿದು ನಿಂತದ್ದೇ ಅಭ್ಯಾಸ. ಜಿಲ್ಲಾ ಪಂದ್ಯದಲ್ಲಿ ಇಬ್ಬರೂ ಎದುರಾದರೆ ಫಲಿತಾಂಶವನ್ನು ಊಹಿಸಲು ಜ್ಯೋತಿಷಿ ಬೇಕಾಗಿಲ್ಲ. ಬಳಿಕ, ‘ಮಲೆನಾಡಿನ ಮಕ್ಕಳಿಗೆ ಚುರುಕು ಸಾಲದು’ ಎಂಬ ಮಾತೊಂದು ಹುಟ್ಟಿಕೊಳ್ಳುತ್ತದೆ. ಬೆಟ್ಟ ಹತ್ತಿ ಇಳಿದು ಶಾಲೆಗೆ ಬರುವ ಕಾಲುಗಳ ಬಗ್ಗೆ ಹೇಳುವ ಮಾತೆ ಇದು?

ಒಂದು ವರ್ಷ ನನ್ನ ತಂಡದಲ್ಲಿ ಹದಿನಾಲ್ಕರ ಹುಡುಗಿಯೊಬ್ಬಳಿದ್ದಳು. ತೋಟದ ಲೈನ್ ಮನೆಯಿಂದ ಬರುತ್ತಿದ್ದವಳು. ಚೆಂಡು ಅವಳ ಕೈಗೆ ಬಂದರೆ ಎದುರಾಳಿಗೆ ಸಿಗುವುದು ಕಷ್ಟ. ಮಳೆ ಬಿಟ್ಟ ಅರ್ಧ ಗಂಟೆಯಲ್ಲಿ, ಪಾಚಿ ಕಟ್ಟಿದ ಸಿಮೆಂಟಿನ ಅಂಕಣದ ಮೇಲೆ, ವೇಳೆಯಾಯಿತೆಂದು ಪಂದ್ಯ ಆರಂಭಿಸಿದರು. ಮೂರನೆಯ ನಿಮಿಷದಲ್ಲಿ ಅವಳು ಜಾರಿ ಬಿದ್ದು ಮಣಿಕಟ್ಟು ಮುರಿಯಿತು. ಮೂಳೆ ಆರು ವಾರದಲ್ಲಿ ಕೂಡಿತು. ಆದರೆ ಅವಳ ತಾಯಿ, ‘ಸಾರ್, ಕೈ ಹೋದ್ರೆ ನಮ್ಮ ಹೊಟ್ಟೆಪಾಡು ಹೋದ ಹಾಗೆ. ಇನ್ನು ಆಟಕ್ಕೆ ಕಳಿಸೋಲ್ಲ’ ಎಂದರು. ಕೂಲಿ ಮಾಡುವ ಮನೆಯಲ್ಲಿ ಕೈಯ ಬೆಲೆ ಏನೆಂಬುದನ್ನು ಬಲ್ಲ ಆ ತಾಯಿಯೊಂದಿಗೆ ವಾದಿಸಲು ನನಗೆ ಬಾಯಿ ಬರಲಿಲ್ಲ.

ಹಾಗಾದರೆ ಹೋಬಳಿ ಪಂದ್ಯಗಳನ್ನೂ ಚಳಿಗಾಲಕ್ಕೆ ತಂದರಾಯಿತಲ್ಲ ಎನ್ನುವಿರಿ. ಪಟ್ಟಣದಿಂದ ಬಂದ ಅಧಿಕಾರಿಗಳೂ ಹೀಗೆಯೇ ಹೇಳುತ್ತಾರೆ. ಡಿಸೆಂಬರಿನ ನಮ್ಮ ಬೆಟ್ಟಗಳು ಸೊಗಸಾಗಿರುವುದೇನೋ ನಿಜ. ಆದರೆ ಡಿಸೆಂಬರು ಕಾಫಿ ಕುಯ್ಲಿನ ತಿಂಗಳು. ನವೆಂಬರಿನ ಕೊನೆಗೆ ಬಿರುಸಾಗುವ ಅರೇಬಿಕಾ ಕುಯ್ಲು ಜನವರಿಯವರೆಗೆ ನಡೆಯುತ್ತದೆ. ಅದರ ಬೆನ್ನಿಗೇ ರೋಬಸ್ಟಾ. ಕುಯ್ದ ಹಣ್ಣಿನ ತೂಕಕ್ಕೆ ಕೂಲಿ ಕೊಡುವ ಕಾಲ ಅದು. ವರ್ಷದ ಸಾಲ ತೀರುವುದು ಆ ದಿನಗಳ ದುಡಿಮೆಯಿಂದ. ತಾಯಿ ತೋಟಕ್ಕೆ ಹೋದರೆ ಎಳೆಕೂಸನ್ನು ನೋಡಿಕೊಳ್ಳಲು ಹಿರಿಯ ಮಗಳು ಮನೆಯಲ್ಲಿ ನಿಲ್ಲುತ್ತಾಳೆ. ತರಗತಿಯ ಹಾಜರಿಯೇ ಇಳಿಯುವಾಗ ಆಟಕ್ಕೆ ಬರುವವರು ಯಾರು? ತೋಟದ ಒಡೆಯರ, ಅಂಗಡಿಯವರ, ನಮ್ಮಂಥ ನೌಕರರ ಮಕ್ಕಳು ಬರುತ್ತಾರೆ. ತಂಡ ಆದೀತು, ಅದು ಊರಿನ ತಂಡವಾಗದು.

ಆನೆಯ ಮಾತೂ ಉಂಟು. ಆಲೂರು, ಸಕಲೇಶಪುರ ಸೀಮೆಯಲ್ಲಿ ಬತ್ತದ ತೆನೆ ಬಲಿಯುವ ಹೊತ್ತಿಗೆ ಆನೆಗಳು ಗದ್ದೆಗೂ ತೋಟಕ್ಕೂ ಇಳಿಯುತ್ತವೆ. ಚಳಿಗಾಲದಲ್ಲಿ ಆರು ಗಂಟೆಗೇ ಕತ್ತಲು. ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಅಭ್ಯಾಸ ಮಾಡಿಸಿ, ತೋಟದ ನಡುವಣ ಕಾಲುದಾರಿಯಲ್ಲಿ ಹೆಣ್ಣುಮಕ್ಕಳನ್ನು ಕಳಿಸುವ ಧೈರ್ಯ ಯಾವ ಅಧ್ಯಾಪಕನಿಗೆ ಬಂದೀತು?

ನೆರೆಯ ಕೊಡಗಿನವರು ಈ ಒಗಟನ್ನು ತಮ್ಮ ರೀತಿಯಲ್ಲಿ ಬಿಡಿಸಿಕೊಂಡಿದ್ದಾರೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬ ಬೇಸಗೆಯಲ್ಲಿ, ಕಾಫಿಯ ಕೆಲಸವೆಲ್ಲ ಮುಗಿದು ಮಳೆ ಇನ್ನೂ ಬಾರದ ನಡುವಣ ಬಿಡುವಿನಲ್ಲಿ ನಡೆಯುತ್ತದೆ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬದವರು ನಡೆಸಿದ ಹಬ್ಬದಲ್ಲಿ 360 ತಂಡಗಳು ಆಡಿದವು. ಇಂಥದೇ ಹವೆ, ಇಂಥದೇ ಬೆಳೆ ಇರುವ ನಾಡು ತನ್ನ ಬಿಡುವನ್ನು ತಾನೇ ಗುರುತಿಸಿಕೊಂಡದ್ದರ ಫಲ ಅದು. ಕರಾವಳಿಯ ಕಂಬಳವೂ ಹೀಗೆಯೇ ಗದ್ದೆಯ ಬಿಡುವು ನೋಡಿಕೊಂಡು ಬೆಳೆದದ್ದು. ಆದರೆ ಶಾಲೆಯ ಪಂದ್ಯಗಳನ್ನು ಏಪ್ರಿಲಿಗೆ ಒಯ್ಯುವುದು ಆಗದ ಮಾತು. ಪರೀಕ್ಷೆ ಮುಗಿದು ಶಾಲೆಗೆ ಬೀಗ ಬಿದ್ದಿರುತ್ತದೆ, ಕುಯ್ಲಿಗೆಂದು ಬಂದ ಕುಟುಂಬಗಳು ಮಕ್ಕಳೊಂದಿಗೆ ತಮ್ಮ ಊರಿಗೆ ಮರಳಿರುತ್ತವೆ.

ನನ್ನ ಲೆಕ್ಕದಲ್ಲಿ ಮಲೆನಾಡಿಗೆ ಉಳಿಯುವ ಬಿಡುವು ನಾಲ್ಕೇ ವಾರದ್ದು. ದಸರೆಯ ರಜೆ ಮುಗಿದು ಶಾಲೆ ತೆರೆದು, ಚಿತ್ತೆಯ ಮಳೆ ಹಿಂದಾಗಿ, ಸ್ವಾತಿ ಕಾಲಿಡುವಲ್ಲಿಂದ ಕುಯ್ಲು ಬಿರುಸಾಗುವವರೆಗೆ. ಆಗಲೂ ಸಂಜೆಗೆ ಗುಡುಗು ಮಳೆ ಬಂದೀತು; ಬೆಳಗ್ಗೆ ನೆಲ ಒಣಗಿರುತ್ತದೆ. ಹೋಬಳಿಯ ಪಂದ್ಯಕ್ಕೆ ಎರಡು ದಿನ, ತಾಲ್ಲೂಕಿಗೆ ಎರಡು ದಿನ ಸಾಕು. ಮೈದಾನದ ತಾಲ್ಲೂಕುಗಳು ಈಗಿನಂತೆ ಜುಲೈನಲ್ಲೇ ಆಡಿಕೊಳ್ಳಲಿ, ಸಕಲೇಶಪುರದಂಥವು ನವೆಂಬರಿನಲ್ಲಿ ಆಡಲಿ. ಇಬ್ಬರೂ ತಿಂಗಳ ಕೊನೆಗೆ ಹಾಸನದಲ್ಲಿ ಕೂಡಲಿ. ಒಂದೇ ಜಿಲ್ಲೆಗೆ ಒಂದೇ ದಿನಾಂಕ ಇರಲೇಬೇಕೆಂಬ ಹಟಕ್ಕೆ ಆಟದ ನಿಯಮಪುಸ್ತಕದಲ್ಲಿ ಆಧಾರವಿಲ್ಲ.

ಹೀಗೆ ಮಾಡಿದರೆ ಮೇಲಿನ ಮೆಟ್ಟಿಲುಗಳು ತಡವಾಗುತ್ತವೆ. ಆದ್ದರಿಂದಲೇ ನಾನು ಮೊದಲ ಪ್ರಶ್ನೆಗೆ ಮರಳಬೇಕಾಗಿದೆ. ರಾಷ್ಟ್ರೀಯ ಪಂದ್ಯಗಳು ಚಳಿಗಾಲದಲ್ಲಿರಲಿ, ಆದರೆ ಅದರ ಬಾಲದಲ್ಲಿರಲಿ. ಜನವರಿಯ ಎರಡನೆಯ ಅರ್ಧಕ್ಕೆ ಹೋಗಲಿ. ಮಾರ್ಚಿನ ಪರೀಕ್ಷೆಗೆ ಅಡ್ಡಿಯೆಂಬ ಆಕ್ಷೇಪಣೆ ಸುಳ್ಳಲ್ಲ. ಅದು ತಟ್ಟುವುದು ದೇಶಮಟ್ಟ ಮುಟ್ಟಿದ ಕೆಲವೇ ಮಕ್ಕಳಿಗೆ. ಅವರಿಗೆ ಪಾಠ ತುಂಬಿಕೊಡಲು ದಾರಿಗಳಿವೆ. ಈಗಿನ ಏರ್ಪಾಡು ತಟ್ಟುತ್ತಿರುವುದು ಮೊದಲ ಮೆಟ್ಟಿಲನ್ನೇ ಹತ್ತಲಾರದೆ ಜಗಲಿಯಲ್ಲಿ ನಿಂತವರಿಗೆ.

ಇದರ ಜೊತೆಗೆ, ತಾಲ್ಲೂಕಿಗೊಂದಾದರೂ ಸೂರಿರುವ ಅಂಕಣ ಬೇಕು. ಕಂಠೀರವದಂಥ ಮಹಲನ್ನು ಯಾರೂ ಕೇಳುತ್ತಿಲ್ಲ. ಅಂಕಣದ ಅಳತೆ 28 ಮೀಟರು ಉದ್ದ, 15 ಮೀಟರು ಅಗಲ. ಸುತ್ತ ಓಡಾಡಲು ಎರಡೆರಡು ಮೀಟರು ಬಿಟ್ಟು, ಕಬ್ಬಿಣದ ಕಂಬಗಳ ಮೇಲೆ ತಗಡು ಹೊದಿಸಿ, ಪಡುವಣ ಮಗ್ಗುಲಿಗೆ ಎರಚಲು ತಡೆಯುವ ಗೋಡೆಯೊಂದನ್ನು ಎಬ್ಬಿಸಿದರೆ ಸಾಕು. ಗೋಡೆ ಇರಬೇಕಾದದ್ದು ಪಡುವಣ ಮಗ್ಗುಲಿಗೇ ಎಂಬುದನ್ನು ನಕ್ಷೆ ಬರೆಯುವ ಎಂಜಿನಿಯರರು ಒಂದು ಆಷಾಢದಲ್ಲಿ ಇಲ್ಲಿಗೆ ಬಂದು ನೋಡಿಕೊಂಡು ಹೋಗಲಿ.