ಪೆಟ್ಟು ತಿಂದವಳ ಮಾತು ಬರೆದುಕೊಳ್ಳುವವರು

ಗಂಡನ ಮನೆಯಲ್ಲಿ ಪೆಟ್ಟು ತಿಂದ ಹೆಣ್ಣುಮಗಳು ದೂರು ಹೇಳಲು ಎಲ್ಲಿಗೆ ಹೋಗಬೇಕು ಎಂದು ಹೊಸೂರು, ತಳಿ, ಬಾಗಲೂರಿನ ಕಡೆ ಯಾರನ್ನೇ ಕೇಳಿ, ಪೊಲೀಸ್ ಠಾಣೆ ಎನ್ನುತ್ತಾರೆ. ತಮಿಳುನಾಡಿನಲ್ಲಿ 1992ರಿಂದ ಮಹಿಳಾ ಠಾಣೆಗಳಿವೆ, ಹೊಸೂರಿನಲ್ಲೂ ಒಂದಿದೆ. ಆದರೆ ಠಾಣೆಯ ಮೆಟ್ಟಿಲು ಹತ್ತಲು ಹೆದರುವವರೇ ಹೆಚ್ಚು. ಅಂಥವರಿಗಾಗಿ ಕಾನೂನು ಇನ್ನೊಂದು ಬಾಗಿಲನ್ನೂ ಇಟ್ಟಿದೆ. ಅದರ ಸುದ್ದಿ ಹಳ್ಳಿಗಳಿಗೆ ಸರಿಯಾಗಿ ತಲುಪಿಲ್ಲ.

2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯ 10ನೇ ಕಲಂ, ಮಹಿಳೆಯರ ಹಕ್ಕಿಗಾಗಿ ದುಡಿಯುವ ನೋಂದಾಯಿತ ಸಂಸ್ಥೆಗಳು ರಾಜ್ಯ ಸರ್ಕಾರದ ಮಾನ್ಯತೆ ಪಡೆದು ‘ಸೇವಾ ಪೂರೈಕೆದಾರ’ರಾಗಲು ಅವಕಾಶ ಕೊಡುತ್ತದೆ. ಹೆಸರು ಕೇಳಿದರೆ ಕೇಬಲ್ ಟೀವಿಯವರ ನೆನಪಾಗುವಷ್ಟು ಒಣಕಲು. ಕೆಲಸ ಮಾತ್ರ ಜೀವ ಉಳಿಸುವಂಥದ್ದು.

ಕಾನೂನು ಬರುವ ಎಷ್ಟೋ ಮೊದಲೇ ಈ ಕೆಲಸ ನಡೆದಿತ್ತು. ಬೆಂಗಳೂರಿನ ಮಹಿಳಾ ಸಂಘಟನೆ ವಿಮೋಚನಾ 1979ರಿಂದ ನೊಂದ ಹೆಣ್ಣುಮಕ್ಕಳ ಬೆನ್ನಿಗೆ ನಿಂತಿದೆ. ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಸಾವಿನಂಚಿನಲ್ಲಿದ್ದವರ ಕಥೆಗಳನ್ನು ದಾಖಲಿಸಿದವರು ಅವರು. ಆಗ ಇಂಥ ಸಂಘಗಳು ಬರೆದುಕೊಂಡದ್ದಕ್ಕೆ ಕಾನೂನಿನ ಬಲ ಇರಲಿಲ್ಲ. ‘ಮನೆ ಮುರಿಯುವವರು’ ಎಂಬ ಬೈಗುಳ, ನಿಮ್ಮ ಮೇಲೇ ಕೇಸು ಹಾಕುತ್ತೇವೆ ಎಂಬ ಬೆದರಿಕೆ ಮಾತ್ರ ಧಾರಾಳವಾಗಿತ್ತು.

ಮಾನ್ಯತೆ ಸಿಕ್ಕಿದರೆ ಚಿತ್ರವೇ ಬದಲಾಗುತ್ತದೆ. ಸದುದ್ದೇಶದಿಂದ ಮಾಡಿದ ಕೆಲಸಕ್ಕಾಗಿ ಸಂಸ್ಥೆಯ ಮೇಲೆ ದಾವೆ ಹೂಡುವಂತಿಲ್ಲ. ಕಾಯ್ದೆಯಡಿ ಕೆಲಸ ಮಾಡುವಾಗ ಅದರ ಸದಸ್ಯರನ್ನು ಸಾರ್ವಜನಿಕ ನೌಕರರೆಂದೇ ಎಣಿಸಲಾಗುತ್ತದೆ. ಗಾಯಗೊಂಡವಳಿಗೆ ವೈದ್ಯಕೀಯ ತಪಾಸಣೆ ಮಾಡಿಸಬಹುದು, ಅವಳು ಬಯಸಿದರೆ ಆಶ್ರಯಧಾಮಕ್ಕೆ ಸೇರಿಸಬಹುದು. ಎಲ್ಲಕ್ಕಿಂತ ದೊಡ್ಡದು, ಅವಳು ಒಪ್ಪಿದರೆ ಕೌಟುಂಬಿಕ ಘಟನಾ ವರದಿಯನ್ನು ಬರೆದು ಮ್ಯಾಜಿಸ್ಟ್ರೇಟರಿಗೂ ಈ ಕಾಯ್ದೆಯಡಿ ಸರ್ಕಾರ ನೇಮಿಸಿದ ಸಂರಕ್ಷಣಾಧಿಕಾರಿಗೂ ಕಳಿಸುವ ಅಧಿಕಾರ. ಬಂದ ವರದಿಯನ್ನು ಪರಿಗಣಿಸದೆ ಮ್ಯಾಜಿಸ್ಟ್ರೇಟರು ಆದೇಶ ಹೊರಡಿಸುವಂತಿಲ್ಲ ಎಂದು 12ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ.

ಆ ವರದಿಯ ನಮೂನೆಯನ್ನು ಒಮ್ಮೆ ಓದಿ ನೋಡಬೇಕು. ಹೊಡೆತ, ಬಡಿತಕ್ಕೆ ಅದು ನಿಲ್ಲುವುದಿಲ್ಲ. ಗಂಡು ಮಗು ಹೆರಲಿಲ್ಲವೆಂದು ಹಂಗಿಸಿದರೇ? ಕೆಲಸಕ್ಕೆ ಹೋಗದಂತೆ ತಡೆದರೇ? ದುಡಿದ ಸಂಬಳ ಕಿತ್ತುಕೊಂಡರೇ? ತವರಿನಿಂದ ತಂದ ಒಡವೆ ಕೇಳದೆ ಮಾರಿದರೇ? ಮನೆಯಿಂದ ಹೊರಗೆ ಹಾಕಿದರೇ? ಒಂದೊಂದನ್ನೂ ದಿನಾಂಕ, ಸ್ಥಳದ ಸಮೇತ ಬರೆಯಬೇಕು. ಸಿಪ್ಕಾಟ್‌ನ ಕೈಗಾರಿಕಾ ಪ್ರದೇಶದ ಕಾರ್ಖಾನೆಗೆ ಪಾಳಿ ಕೆಲಸಕ್ಕೆ ಹೋಗುವ ಹೊಸೂರಿನ ಹೆಣ್ಣುಮಕ್ಕಳಿಗೆ ಸಂಬಳದ ಆ ಒಂದು ಸಾಲು ಎಷ್ಟು ಮುಖ್ಯವೆಂದು ಬಿಡಿಸಿ ಹೇಳಬೇಕಿಲ್ಲ. ಇದೆಲ್ಲವನ್ನೂ ನಾಚಿಕೆ ಬಿಟ್ಟು ಹೇಳಬೇಕಾದರೆ ಎದುರಿಗೆ ಕೂತವರು ಅವಸರ ಮಾಡಬಾರದು, ಅವಳಾಡುವ ಕನ್ನಡವೋ ತೆಲುಗೋ ಅವರಿಗೆ ಬರಬೇಕು. ಮನೆಯಲ್ಲಿ ಕನ್ನಡ, ತೆಲುಗು, ಕಚೇರಿಯಲ್ಲಿ ತಮಿಳು ಇರುವ ಈ ಸೀಮೆಯಲ್ಲಿ ಊರಿನದೇ ಮಹಿಳಾ ಸಂಘವೊಂದು ಮಾನ್ಯತೆ ಪಡೆಯುವುದು ಇದಕ್ಕಾಗಿಯೇ ಅಗತ್ಯ. ಸಂರಕ್ಷಣಾಧಿಕಾರಿಯನ್ನು ಕಾಣಲು ಅಂಚೆಟ್ಟಿಯ ಕಾಡಂಚಿನಿಂದ ಜಿಲ್ಲಾ ಕೇಂದ್ರ ಕೃಷ್ಣಗಿರಿಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿಯೂ ಹೋಯಿತು, ಮನೆಯವರಿಗೆ ಸುಳಿವೂ ಸಿಕ್ಕಿತು.

ಮಾನ್ಯತೆ ಪಡೆಯಲು ಕಷ್ಟವೇನೂ ಇಲ್ಲ. ಸಂಘ ಕಾನೂನುಬದ್ಧವಾಗಿ ನೋಂದಣಿಯಾಗಿರಬೇಕು. ನೀಡಲಿರುವ ಸೇವೆಯಲ್ಲಿ ಕನಿಷ್ಠ ಮೂರು ವರ್ಷಗಳ ಅನುಭವ ಇರಬೇಕು. ಅರ್ಜಿಗೆ 2006ರ ನಿಯಮಗಳಲ್ಲಿ ಆರನೇ ನಮೂನೆ ಇದೆ. ಆಶ್ರಯಧಾಮ ನಡೆಸುವವರಾದರೆ ಸ್ಥಳಾವಕಾಶ, ಭದ್ರತೆಯನ್ನು ತೋರಿಸಬೇಕು. ಮಾನ್ಯತೆ ಪಡೆದವರ ಪಟ್ಟಿಯನ್ನು ಸರ್ಕಾರ ಸಂರಕ್ಷಣಾಧಿಕಾರಿಗಳಿಗೆ ಕೊಡಬೇಕು, ಪತ್ರಿಕೆಯಲ್ಲೋ ವೆಬ್‌ಸೈಟಿನಲ್ಲೋ ಪ್ರಕಟಿಸಬೇಕು ಎಂದೂ ನಿಯಮವಿದೆ. ನನ್ನ ಒತ್ತಾಯ ಇಷ್ಟೆ: ಆ ಪಟ್ಟಿ ವೆಬ್‌ಸೈಟಿನಲ್ಲಿ ಕೂರದೆ ಹೊಸೂರು ಬಸ್ ನಿಲ್ದಾಣದ, ಕೆಲಮಂಗಲ ಸರ್ಕಾರಿ ಆಸ್ಪತ್ರೆಯ ಗೋಡೆಗೆ ಬರಲಿ, ತಮಿಳಿನ ಜೊತೆ ಕನ್ನಡದಲ್ಲೂ ತೆಲುಗಿನಲ್ಲೂ ಬರಲಿ.

ಅವಸರ ಯಾಕೆಂದರೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಮದುವೆಯಾದ 18ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರು ತಮಿಳುನಾಡಿನಲ್ಲಿ ಶೇ 38.1, ಕರ್ನಾಟಕದಲ್ಲಿ ಶೇ 44.4. ದೇಶದ ಸರಾಸರಿ ಶೇ 29.3. ಗಡಿಯ ಆಚೆಗೂ ಈಚೆಗೂ ಹೆಣ್ಣು ಕೊಟ್ಟು ತರುವ ಕುಟುಂಬಗಳು ಈ ಅಂಕಿಗಳ ನಡುವೆಯೇ ಬದುಕುತ್ತಿವೆ.

ಕರ್ನಾಟಕದ ಆನೇಕಲ್ಲಿನಿಂದ ತಮಿಳುನಾಡಿನ ದೆಂಕಣಿಕೋಟೆಗೆ ಮದುವೆಯಾಗಿ ಹೋದವಳು ತವರಿಗೆ ಓಡಿಬಂದರೆ ಕೇಸು ಯಾವ ರಾಜ್ಯದ್ದು ಎಂಬ ಗೊಂದಲ ಸಹಜ. 27ನೇ ಕಲಂ ಅದನ್ನು ಬಗೆಹರಿಸಿದೆ. ಅವಳು ತಾತ್ಕಾಲಿಕವಾಗಿ ನೆಲೆಸಿರುವ ಜಾಗದ ಮ್ಯಾಜಿಸ್ಟ್ರೇಟರ ಮುಂದೆಯೂ ಅರ್ಜಿ ಹಾಕಬಹುದು. ಅರ್ಜಿ ಸೇರಿದ ಮೇಲೆ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ನಡೆಯಬೇಕು, ಹೊರಟ ಆದೇಶ ದೇಶದೆಲ್ಲೆಡೆ ಜಾರಿಯಾಗುತ್ತದೆ. ದಾರಿ ಗೊತ್ತಿಲ್ಲದವರಿಗೆ ಮಹಿಳಾ ಸಹಾಯವಾಣಿ 181, ಉಚಿತ ಕಾನೂನು ನೆರವಿಗೆ 15100.